ಎವರೆಸ್ಟ್ ಸಾಹೇಬನನ್ನು ಕೆಡವಿದ್ದು ಹಿಮವಲ್ಲ, ಚಳಿಜ್ವರ

ಹೈದರಾಬಾದಿನ ಕುಷಾಯಿಗೂಡದಿಂದ ಉಪ್ಪಲ್ ಕಡೆಗೆ ಹೋದರೆ ಭಾರತೀಯ ಸರ್ವೇಕ್ಷಣಾ ಇಲಾಖೆಯ ತರಬೇತಿ ಸಂಸ್ಥೆ ಸಿಗುತ್ತದೆ. ಈ ಇಲಾಖೆಯ ಮಾತೆತ್ತಿದರೆ ಮೊದಲು ನೆನಪಾಗುವ ಹೆಸರು ಜಾರ್ಜ್ ಎವರೆಸ್ಟ್. ಹಿಮಾಲಯ ಹತ್ತಿ ಜಗತ್ತಿನ ಅತಿ ಎತ್ತರದ ಶಿಖರವನ್ನು ಕಂಡುಹಿಡಿದಾತ ಎಂದು ನಂಬಿದವರು ಇವತ್ತಿಗೂ ಬೇಕಾದಷ್ಟಿದ್ದಾರೆ.

ಆತ ಆ ಶಿಖರ ಹತ್ತಲೂ ಇಲ್ಲ, ಕಂಡುಹಿಡಿಯಲೂ ಇಲ್ಲ. 1843ರಲ್ಲೇ ಕೆಲಸ ಬಿಟ್ಟು ಊರಿಗೆ ಹೋದ. ಶಿಖರದ ಲೆಕ್ಕ ಬಿಡಿಸಿದ ಕೀರ್ತಿ ಇಲಾಖೆಯ ಗಣಿತಜ್ಞ ರಾಧಾನಾಥ್ ಸಿಕ್ದರ್‌ಗೆ ಸಲ್ಲಬೇಕು. ಎತ್ತರ 29,002 ಅಡಿ ಎಂದು 1856ರಲ್ಲಿ ಪ್ರಕಟಿಸಿ, ಹಳೆಯ ಮೇಲಧಿಕಾರಿಯ ಹೆಸರನ್ನು ಅದಕ್ಕೆ ಅಂಟಿಸಿದವನು ಎವರೆಸ್ಟ್‌ನ ನಂತರ ಆ ಹುದ್ದೆಗೆ ಬಂದ ಆಂಡ್ರ್ಯೂ ವಾ. ಎವರೆಸ್ಟ್‌ಗೇ ಅದು ಒಪ್ಪಿಗೆಯಾಗಿರಲಿಲ್ಲ.

ಇಡೀ ಭಾರತವನ್ನು ತ್ರಿಕೋನಗಳಲ್ಲಿ ಅಳೆದ ಮಹಾ ಅಳತೆಯನ್ನು ಶುರುಮಾಡಿದವನೂ ಎವರೆಸ್ಟ್ ಅಲ್ಲ. ಶ್ರೀರಂಗಪಟ್ಟಣ ಬಿದ್ದ ಮೇಲೆ ಅದರ ಯೋಜನೆ ಹಾಕಿದವನು ವಿಲಿಯಂ ಲ್ಯಾಂಬ್ಟನ್. 1802ರಲ್ಲಿ ಮದರಾಸಿನಲ್ಲಿ ಆಧಾರರೇಖೆ ಅಳೆದಾಗ ಎವರೆಸ್ಟ್ ಇನ್ನೂ ಹನ್ನೆರಡು ತುಂಬದ ಹುಡುಗ. ಅಲ್ಲಿಂದ ಕೋನಗಳನ್ನು ಅಳೆದೇ ದೂರ ಲೆಕ್ಕಹಾಕುವ ತ್ರಿಕೋನಗಳನ್ನು ಹೆಣೆಯುತ್ತ ಬಂದ ಲ್ಯಾಂಬ್ಟನ್, 1804ರಲ್ಲಿ ಬೆಂಗಳೂರಿನಲ್ಲಿ ಏಳು ಮೈಲಿಗೂ ಉದ್ದದ ರೇಖೆಯನ್ನು ಸರಪಳಿ ಹಿಡಿದು ಅಳೆದು ತಾಳೆ ನೋಡಿದ. ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ! ಮುಂದೆ ಘಟ್ಟ ದಾಟಿ ಕೆನರಾ ಕರಾವಳಿ ಮುಟ್ಟಿದಾಗ, ನಾನೂರು ಮೈಲಿ ಎಂದುಕೊಂಡಿದ್ದ ಪರ್ಯಾಯ ದ್ವೀಪದ ಅಗಲ ಮುನ್ನೂರ ಅರವತ್ತಕ್ಕೆ ಇಳಿಯಿತು.

ಇನ್ನು ಕಷ್ಟದ ವಿಚಾರ. ಬೆಟ್ಟ ಎತ್ತರವಾದಷ್ಟೂ ಸಂಕಟ ಹೆಚ್ಚು ಎಂದು ನಾವು ಎಣಿಸುತ್ತೇವೆ. ಹತ್ತುವುದು ಸುಲಭವಾಗಿತ್ತೆಂದಲ್ಲ; ಕೋನ ಅಳೆಯುವ, ಅರ್ಧ ಟನ್ ತೂಗುವ ಥಿಯೋಡಲೈಟನ್ನು ಖಲಾಸಿಗಳು ಮೇಲಕ್ಕೆ ಸಾಗಿಸಬೇಕು, ನೆತ್ತಿಯ ಮರ ಕಡಿದು ನೋಟಕ್ಕೆ ದಾರಿ ಬಿಡಿಸಬೇಕು, ದೂರದ ಗುಡ್ಡದಲ್ಲಿ ನೆಟ್ಟ ಬಾವುಟ ಕಾಣುವ ತನಕ ಕಾಯಬೇಕು. ಆದರೆ ಜನ ಸತ್ತದ್ದು ತಗ್ಗು ಗುಡ್ಡಗಳ ಕಾಡಿನಲ್ಲಿ. 1818ರ ಕೊನೆಗೆ ಹೈದರಾಬಾದಿಗೆ ಬಂದು ಲ್ಯಾಂಬ್ಟನ್‌ನ ಕೈಕೆಳಗೆ ಸೇರಿದ ಎವರೆಸ್ಟ್, ಮರುವರ್ಷ ಕೃಷ್ಣಾ ಗೋದಾವರಿ ನಡುವಣ ಯೆಲ್ಲಾಪುರಂ ಕಾಡಿಗೆ ಹೊರಟ. ಕೆಲವೇ ದಿನಗಳಲ್ಲಿ ಆತನಿಗೂ, ಜೊತೆಗಿದ್ದ ನೂರೈವತ್ತರಷ್ಟು ಆಳುಗಳಿಗೂ ಜ್ವರ ಹಿಡಿಯಿತು. ಅವರನ್ನು ಹೊತ್ತು ತರಲು ಹೈದರಾಬಾದಿನಿಂದ ಆನೆ, ಗಾಡಿಗಳು ಹೋಗಬೇಕಾಯಿತು. ಹದಿನೈದು ಮಂದಿ ದಾರಿಯಲ್ಲೇ ತೀರಿಕೊಂಡರು. ಎವರೆಸ್ಟ್ ಬದುಕಿದ, ಆದರೆ ಜ್ವರ ಮರುಕಳಿಸಿ, ಸುಧಾರಿಸಿಕೊಳ್ಳಲು ದಕ್ಷಿಣ ಆಫ್ರಿಕಾದ ಕೇಪ್‌ಗೆ ಹೋದ.

ಅಂಥ ಕಾಡಿಗೆ ಮಳೆಗಾಲದಲ್ಲೇ ಹೋದದ್ದು ಮೂರ್ಖತನ ಎಂದು ಈಗ ಸಲೀಸಾಗಿ ಹೇಳಿಬಿಡಬಹುದು. ಅದೂ ಪೂರ್ತಿ ನಿಜವಲ್ಲ. ಬೇಸಗೆಯಲ್ಲಿ ದೂಳು, ಬಿಸಿಲಿನ ಝಳ. ಹತ್ತು ಮೈಲಿ ಆಚೆಯ ಗುಡ್ಡವೂ ಮಸುಕು. ಮಳೆ ತೊಳೆದ ಗಾಳಿಯಲ್ಲಿ ಮಾತ್ರ ದೂರದ ಬಾವುಟ ಸ್ಪಷ್ಟವಾಗಿ ಕಾಣುತ್ತಿತ್ತು. ಕಣ್ಣಿಗೆ ಒಳ್ಳೆಯದಾದ ಕಾಲವೇ ಮೈಗೆ ಕೆಟ್ಟದ್ದಾಗಿತ್ತು. ಮುಂದೆ ಎವರೆಸ್ಟ್ ಬಾವುಟದ ಬದಲು ರಾತ್ರಿ ದೀಪ ಇರಿಸಿ ಅಳೆಯುವ ಕ್ರಮ ತಂದ ಮೇಲೆ ಒಣಹವೆಯಲ್ಲೂ ಕೆಲಸ ಸಾಗಿತು. ಆತನ ಹೆಸರು ಉಳಿಯಲು ಇಂಥ ಜಾಣತನವೇ ಸಾಕಿತ್ತು, ಶಿಖರ ಬೇಕಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಜ್ವರಕ್ಕೆ ಕಾಡಿನ ಕೆಟ್ಟ ಗಾಳಿಯೇ ಕಾರಣವೆಂದು ಆ ಕಾಲದ ವೈದ್ಯರೂ ನಂಬಿದ್ದರು. ಮಲೆಸೀಮೆಯ ನೀರೇ ವಿಷ ಎಂದು ನಮ್ಮ ಹಿರಿಯರೂ ಹೇಳುತ್ತಿದ್ದರು. ತಪ್ಪು ಗಾಳಿಯದೂ ಅಲ್ಲ, ನೀರಿನದೂ ಅಲ್ಲ, ಸೊಳ್ಳೆಯದು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೇನಾ ವೈದ್ಯ ರೊನಾಲ್ಡ್ ರಾಸ್, ರೋಗಿಯ ರಕ್ತ ಹೀರಿದ್ದ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡ. ಎವರೆಸ್ಟ್ ತೀರಿಕೊಂಡು ಅಷ್ಟರಲ್ಲಿ ಮೂವತ್ತು ವರ್ಷ ದಾಟಿತ್ತು.