ಅಪ್‌ಡೇಟ್ ಮಾಡದಿದ್ದರೆ ಸಾಫ್ಟ್‌ವೇರ್ ಕೆಡುವುದಿಲ್ಲವೇ?

‘ಮುಟ್ಟದೆ ಬಿಟ್ಟರೆ ಸಾಫ್ಟ್‌ವೇರ್ ಕೆಡುವುದಿಲ್ಲ’ ಎಂಬ ನಂಬಿಕೆ ಹಲವರಿಗಿದೆ. ನಾವು ಒಪ್ಪುವುದಿಲ್ಲ. 2022ರ ಮಾರ್ಚ್‌ನಲ್ಲಿ ನಡೆದದ್ದನ್ನೇ ನೋಡಿ.

ಸಾಫ್ಟ್‌ವೇರ್‌ಗಳ ಕೈಪಿಡಿಯನ್ನು ವೆಬ್ ಪುಟಗಳಾಗಿಸುವ ಸ್ಫಿಂಕ್ಸ್ ಎಂಬ ಸಾಧನ, ಒಳಗೆ ಜಿಂಜಾ ಎಂಬ ಇನ್ನೊಂದನ್ನು ನೆಚ್ಚಿಕೊಂಡಿದೆ. ಅನೇಕ ಕಡೆ ಸ್ಫಿಂಕ್ಸ್ ಹಳೆಯದೇ ಉಳಿದಿತ್ತು, ಜಿಂಜಾ ಮಾತ್ರ ಪ್ರತಿ ಸಲವೂ ಹೊಸದು ಡೌನ್‌ಲೋಡ್ ಆಗುತ್ತಿತ್ತು. ಆ ತಿಂಗಳು ಬಂದ ಜಿಂಜಾ 3.1, ‘ಬಳಸಬೇಡಿ’ ಎಂದು ಮೊದಲೇ ಎಚ್ಚರಿಸಿದ್ದ ಕೆಲವು ಹಳೆಯ ಫಂಕ್ಷನ್‌ಗಳನ್ನು ತೆಗೆದುಹಾಕಿತು. ಹಳೆಯ ಸ್ಫಿಂಕ್ಸ್ ಅವನ್ನೇ ಹುಡುಕಿ, ಸಿಗದೆ ನಿಂತುಹೋಯಿತು. ಕೈಪಿಡಿ ಬರೆದವರು ಒಂದಕ್ಷರವನ್ನೂ ಬದಲಿಸಿರಲಿಲ್ಲ!

‘ಜಿಂಜಾ 3.1ಕ್ಕಿಂತ ಹಳೆಯದೇ ಇರಲಿ’ ಎಂದು ಒಂದು ಸಾಲು ಸೇರಿಸಿದರೆ ಕೆಲಸ ನಡೆಯುತ್ತದೆ. ಆದರೆ ಅದು ತೇಪೆಯಷ್ಟೆ. 2024ರ ಜನವರಿಯ ಭದ್ರತಾ ತಿದ್ದುಪಡಿ ಬಂದದ್ದು 3.1.3ರಲ್ಲಿ, ಹಳೆಯದಕ್ಕೆ ಅಂಟಿಕೊಂಡವರಿಗೆ ಅದು ಸಿಗಲಿಲ್ಲ. ಸ್ಫಿಂಕ್ಸನ್ನೇ ಹೊಸದು ಮಾಡಿ, ಬಳಸುವ ಪ್ರತಿಯೊಂದರ ಆವೃತ್ತಿಯನ್ನೂ ಬರೆದಿಟ್ಟು, ಆಗಾಗ ಪರೀಕ್ಷಿಸಿ ಮೇಲಿನ ಆವೃತ್ತಿಗೆ ಹೋಗಬೇಕು.