ಹೀಟರ್ ಕಾಯದಿದ್ದರೆ ದೋಷ ಕಾಯಿಲಿನದೇ?

ರೋಣ, ನರಗುಂದ, ಗಜೇಂದ್ರಗಡದ ವಿದ್ಯುತ್ ಉಪಕರಣಗಳ ವ್ಯಾಪಾರಿಗಳಿಗೆ ಚಳಿಗಾಲವು ಮಾರಾಟದ ಜೊತೆಗೆ ದೂರುಗಳ ಕಾಲವೂ ಹೌದು. ‘ಹೀಟರ್ ಕಾಯುತ್ತಿಲ್ಲ’ ಎಂದೊಡನೆ ಕಾಯಿಲ್ ಬದಲಿಸಿಬಿಡುವುದು ಸುಲಭ. ದೋಷ ಅಲ್ಲಿಲ್ಲದಿದ್ದರೆ ಗ್ರಾಹಕ ಮರುವಾರವೇ ಹಿಂದಿರುಗುತ್ತಾನೆ.

ಮೊದಲು ಅಳೆಯಬೇಕಾದುದು, ಗೀಜರ್ ಚಾಲೂ ಇರುವಾಗಿನ ಮನೆಯ ವೋಲ್ಟೇಜ್. 230 ವೋಲ್ಟಿಗೆ 2000 ವ್ಯಾಟ್ ನೀಡುವ ಗೀಜರ್, 180 ವೋಲ್ಟಿನಲ್ಲಿ ಸುಮಾರು 1225 ವ್ಯಾಟ್ ಮಾತ್ರ ನೀಡುತ್ತದೆ. ಅರ್ಧ ಗಂಟೆಯ ಕೆಲಸಕ್ಕೆ ಸುಮಾರು 50 ನಿಮಿಷ ತಗಲುತ್ತದೆ. ಉಪಕರಣದಲ್ಲಿ ದೋಷವೇ ಇಲ್ಲ. ವೋಲ್ಟೇಜ್ ಸರಿಯಿದ್ದರೆ, ಪ್ಲಗ್ ಕಿತ್ತು, ಕಾಯಿಲಿನ ತಂತಿಗಳನ್ನು ಬಿಡಿಸಿ ಮಲ್ಟಿಮೀಟರ್ ಹಿಡಿಯಬೇಕು. ಸುಮಾರು 26 ಓಮ್ ಬಂದರೆ ಕಾಯಿಲ್ ನಿರ್ದೋಷಿ, ಥರ್ಮೋಸ್ಟಾಟ್ ಅಥವಾ ಕಟ್‌ಔಟ್ ನೋಡಬೇಕು. ಕಾಯಿಲಿನ ತುದಿಗೂ ಲೋಹದ ಹೊರಕವಚಕ್ಕೂ ಸಂಪರ್ಕ ಕಂಡರೆ ಮಾತ್ರ ವಾದ ಬೇಡ, ಬದಲಿಸಲೇಬೇಕು. ಅರ್ಥಿಂಗ್ ಇಲ್ಲದ ಮನೆಯಲ್ಲಿ ಇದು ಪ್ರಾಣಾಪಾಯ. ಬೇಸಿಗೆಯಲ್ಲಿ ಎರೆಭೂಮಿ ಬಿರಿದಾಗ ಅರ್ಥಿಂಗ್ ಗುಂಡಿಯೂ ಒಣಗುತ್ತದೆ. ಅದಕ್ಕೊಂದು ಕೊಡ ನೀರು ಹಾಕುವವರು ಕಡಿಮೆ.

ಕೊಳವೆ ಬಾವಿಯ ಗಡಸು ನೀರಿನಿಂದ ಸುಣ್ಣದ ಪದರ ಕಟ್ಟಿ, ಶಾಖ ನೀರಿಗೆ ಸರಾಗವಾಗಿ ಇಳಿಯದೆ ಕಾಯಿಲೇ ಸುಡುತ್ತದೆ. ಹಲವು ವಾರಂಟಿ ಪತ್ರಗಳು ಈ ಹಾನಿಯನ್ನು ಹೊರಗಿಡುತ್ತವೆ. ಮಾರುವಾಗಲೇ ತಿಳಿಸುವುದು ಲೇಸು.

ಇನ್ನು ಲೆಕ್ಕದ ಮಾತು. 2023ರ ಜುಲೈ 17ರ ಜಿಎಸ್‌ಟಿ ಸುತ್ತೋಲೆಯಂತೆ, ವಾರಂಟಿಯಲ್ಲಿ ಹಣ ಪಡೆಯದೆ ಬದಲಿಸಿದ ಬಿಡಿಭಾಗಕ್ಕೆ ಗ್ರಾಹಕನು ತೆರಿಗೆ ತೆರಬೇಕಿಲ್ಲ. ಆದರೆ ವ್ಯಾಪಾರಿಯು ಸ್ವಂತ ದಾಸ್ತಾನಿನ ಕಾಯಿಲ್ ಹಾಕಿ ಕಂಪನಿಯಿಂದ ಹಣ ಪಡೆದರೆ ಅದು ಕಂಪನಿಗೆ ಮಾಡಿದ ಪೂರೈಕೆ. ತೆರಿಗೆ ಸಹಿತ ಬಿಲ್ ಕೊಡಬೇಕು. ಅಳೆದ ವೋಲ್ಟೇಜ್, ಓಮ್, ದಿನಾಂಕಗಳು ಜಾಬ್ ಕಾರ್ಡಿನಲ್ಲಿದ್ದರೆ ಕ್ಲೇಮಿಗೆ ತಕರಾರು ಕಡಿಮೆ.