ಪೆನ್‌ಡ್ರೈವಿನಲ್ಲೊಂದು ಬೋವಜನ ಹೊಲ

ಕಾಶಿಯ ಶಿವಪುರದ ಒಂದು ಕೋಣೆಯಲ್ಲಿ ಹಳೆಯ ಕಂಪ್ಯೂಟರುಗಳು ಗೋಡೆಗೊರಗಿ ಸಾಲಾಗಿ ಕೂತಿದ್ದವು. ಬೆಳಿಗ್ಗೆ ಹೊಲಿಗೆ ಕಲಿಯುವ ಹುಡುಗಿಯರು ಮಧ್ಯಾಹ್ನದ ಮೇಲೆ ಇಲ್ಲಿ ಟೈಪಿಂಗ್ ಕಲಿಯುತ್ತಾರೆ. ನಡೆಸುವವರು ಬೆಳ್ತಂಗಡಿ ಕಡೆಯ ಒಬ್ಬ ಸಿಸ್ಟರ್. ಮನೆಮಾತು ಕೊಂಕಣಿ, ಶಾಲೆಯಲ್ಲಿ ಓದಿದ್ದು ಕನ್ನಡ, ಈಗ ದಿನವಿಡೀ ಆಡುವುದು ಹಿಂದಿ ಮತ್ತು ಭೋಜಪುರಿ. ಕಾಶಿಗೆ ಹೋದ ಕನ್ನಡಿಗರು ಜಂಗಮವಾಡಿ ಮಠ, ಹನುಮಾನ್ ಘಾಟು ನೋಡಿಕೊಂಡು ಬರುವುದು ವಾಡಿಕೆ. ನಾನು ಹೋದದ್ದೂ ಅದಕ್ಕೇ. ಊರಿನವರು ಕೊಟ್ಟ ಒಂದು ಪೊಟ್ಟಣ ತಲುಪಿಸಲೆಂದು ಶಿವಪುರಕ್ಕೆ ಹೋದವನು ಸಂಜೆಯವರೆಗೂ ಅಲ್ಲೇ ಉಳಿದೆ.

ಕಾರಣ ಇಷ್ಟು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಹೊಸ ತಲೆಮಾರಿನ ಪ್ರೊಸೆಸರನ್ನೂ ಕೇಳುತ್ತದೆ. ಯಾರೋ ದಾನ ಕೊಟ್ಟ ಈ ಯಂತ್ರಗಳಲ್ಲಿ ಎರಡೂ ಇಲ್ಲ. ಕೀಲಿಮಣೆ ಸರಿಯಿದೆ, ಪರದೆ ಸರಿಯಿದೆ, ಡಿಸ್ಕ್ ತಿರುಗುತ್ತಿದೆ. ಆದರೂ ಗುಜರಿಗೆ ಹಾಕಿ ಎಂದು ಅಂಗಡಿಯವನು ಹೇಳಿದ್ದ. ಪಾಲಿಟೆಕ್ನಿಕ್ ಓದುವ ಒಬ್ಬ ಹುಡುಗಿ, ಇದೇ ಕೋಣೆಯಲ್ಲಿ ಮೊದಲು ಟೈಪಿಂಗ್ ಕಲಿತವಳು, ‘ದೀದಿ, ಒಂದು ಪೆನ್‌ಡ್ರೈವ್ ಕೊಡಿ’ ಎಂದಳಂತೆ. ನಾನು ಹೋದಾಗ ಅವಳು ಅದನ್ನು ಬೂಟೆಬಲ್, ಅಂದರೆ ಕಂಪ್ಯೂಟರು ಅದರಿಂದಲೇ ಚಾಲೂ ಆಗುವಂತೆ, ಮಾಡುತ್ತ ಕೂತಿದ್ದಳು.

‘ಕೂತುಕೊಳ್ಳಿ ಮಾರಾಯ್ರೆ, ಚಹ ಬರ್ತದೆ. ಇದು ಎಂತ ಮಾಡ್ತಾಳೆ ಅಂತ ನನಗೂ ಪೂರ್ತಿ ಗೊತ್ತಿಲ್ಲ’ ಎಂದರು ಸಿಸ್ಟರ್.

ಕೆಲಸದ ಕ್ರಮ ಈ ಲೇಖನ ಓದುವ ಬಹಳಷ್ಟು ಜನರಿಗೆ ಗೊತ್ತೇ ಇರುತ್ತದೆ. ಅವಳ ಅಚ್ಚುಕಟ್ಟು ಮಾತ್ರ ಹೇಳಲೇಬೇಕಾದದ್ದು. ಪೆನ್‌ಡ್ರೈವಿನಲ್ಲಿದ್ದ ಹಾಡು, ಫೋಟೊಗಳನ್ನೆಲ್ಲ ಮೊದಲು ಬೇರೆಡೆ ನಕಲು ಮಾಡಿಟ್ಟಳು. ಒಮ್ಮೆ ಬರೆಯಲು ಶುರುವಾದರೆ ಹಳೆಯದು ಒಂದೂ ಉಳಿಯುವುದಿಲ್ಲ. ವಿಂಡೋಸ್ ಬದಲು ಹಾಕಲಿದ್ದ ಡೆಬಿಯನ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯ ತಾಣದಿಂದ ಇಳಿಸಿಕೊಂಡ ಐಎಸ್‌ಒ ಕಡತದ ಮೊಹರು ಸಂಖ್ಯೆಯನ್ನು ಸರ್ಟ್‌ಯುಟಿಲ್ ಆಜ್ಞೆಯಿಂದ ತೆಗೆದು, ತಾಣದಲ್ಲಿ ಪ್ರಕಟಿಸಿದ 64 ಅಕ್ಷರಗಳ ಸಾಲಿನೊಂದಿಗೆ ಬೆರಳಿಟ್ಟು ಹೋಲಿಸಿದಳು. ಬಹಳ ಮಂದಿ ಈ ಹೆಜ್ಜೆಯನ್ನು ದಾಟಿಬಿಡುತ್ತಾರೆ. ಇಳಿಯುವಾಗ ಕಡತ ಕೆಟ್ಟಿದ್ದರೆ, ಅಥವಾ ಯಾರಾದರೂ ಕೆಡಿಸಿದ್ದರೆ, ಹಿಡಿಯುವ ಸರಳ ಉಪಾಯ ಅದು. ಆಮೇಲೆ ರೂಫಸ್ ತೆರೆದಳು. ಪೀಟ್ ಬಟಾರ್ಡ್ ಎಂಬವರು 2011ರಿಂದ ಉಚಿತವಾಗಿ ಹಂಚುತ್ತಿರುವ ಚಿಕ್ಕ ತಂತ್ರಾಂಶ ಅದು. ಅನುಸ್ಥಾಪನೆಯೂ ಬೇಡ, ನೇರ ಓಡುತ್ತದೆ. ‘ಐಎಸ್‌ಒ ರೀತಿಯಲ್ಲಿ ಬರೆಯಲೋ, ಡಿಡಿ ರೀತಿಯಲ್ಲೋ’ ಎಂದು ಅದು ಕೇಳಿತು. ಅವಳು ಡಿಡಿ ಆರಿಸಿದಳು. ಅಂದರೆ ಕಡತದ ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಇದ್ದಂತೆಯೇ ಪೆನ್‌ಡ್ರೈವಿಗೆ ಇಳಿಸುವುದು.

ಈ ಪ್ರಶ್ನೆಯ ಹಿಂದೆ ಇರುವ ಸಂಗತಿ ನನಗೆ ಬಹಳ ಪ್ರಿಯವಾದದ್ದು. ಅದನ್ನು ಸಾವಕಾಶವಾಗಿಯೇ ಹೇಳಬೇಕು.

ಐಎಸ್‌ಒ ಕಡತವೆಂದರೆ ಮೂಲತಃ ಒಂದು ಸಿಡಿಯ ಪಡಿಯಚ್ಚು. ಸಿಡಿಯಲ್ಲಿ ಕಡತಗಳನ್ನು ಹೇಗೆ ಜೋಡಿಸಬೇಕು ಎಂಬ ಬಗ್ಗೆ 1985ರಲ್ಲಿ ಕಂಪನಿಗಳ ಪ್ರತಿನಿಧಿಗಳು ಅಮೆರಿಕದ ನೆವಾಡಾದ ಹೈ ಸಿಯೆರಾ ಎಂಬ ಹೋಟೆಲಿನಲ್ಲಿ ಕೂತು ಮಾತಾಡಿದರು. ಅವರ ಕರಡೇ ಸ್ವಲ್ಪ ತಿದ್ದುಪಡಿಯಾಗಿ 1988ರಲ್ಲಿ ಐಎಸ್‌ಒ 9660 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಆ ಮಾನಕದಲ್ಲಿ ಡಿಸ್ಕಿನ ಮೊದಲ 16 ಸೆಕ್ಟರುಗಳಿಗೆ ಏನನ್ನೂ ನಿಗದಿ ಮಾಡಿಲ್ಲ. ಒಂದೊಂದು ಸೆಕ್ಟರಿನಲ್ಲಿ 2,048 ಬೈಟುಗಳಂತೆ ಒಟ್ಟು 32,768 ಬೈಟುಗಳು. ಇದು ಗಣಕವ್ಯವಸ್ಥೆಯ ಬಳಕೆಗೆ ಮೀಸಲು, ಇದರಲ್ಲಿ ಏನಿರಬೇಕೆಂದು ಈ ಮಾನಕ ಹೇಳುವುದಿಲ್ಲ. ಅಷ್ಟೇ. ಸಿಡಿಯ ನಿಜವಾದ ವಿವರ ಶುರುವಾಗುವುದು ಅದರ ನಂತರ.

1995ರಲ್ಲಿ ಫೀನಿಕ್ಸ್ ಮತ್ತು ಐಬಿಎಂ ಕಂಪನಿಗಳವರು ಎಲ್ ಟೊರಿಟೊ ಎಂಬ ನಿಯಮ ಬರೆದು ಸಿಡಿಯಿಂದಲೇ ಕಂಪ್ಯೂಟರ್ ಚಾಲೂ ಆಗುವ ಹಾಗೆ ಮಾಡಿದರು. ಅವರೂ ಆ ಖಾಲಿ ಜಾಗವನ್ನು ಮುಟ್ಟಲಿಲ್ಲ, 17ನೇ ಸೆಕ್ಟರನ್ನು ಬಳಸಿದರು. ಅಷ್ಟರಲ್ಲಿ ಯುಎಸ್‌ಬಿ ಬಂತು. ಅದನ್ನು ರೂಪಿಸಿದವರಲ್ಲಿ ಬರೋಡಾದಲ್ಲಿ ಓದಿದ ಅಜಯ್ ಭಟ್ ಪ್ರಮುಖರು. 2000ದ ಹೊತ್ತಿಗೆ ಪೆನ್‌ಡ್ರೈವ್ ಮಾರುಕಟ್ಟೆಯಲ್ಲಿತ್ತು. ಆಗ ತೊಡಕು ಎದುರಾಯಿತು. ಪೆನ್‌ಡ್ರೈವನ್ನು ಕಂಪ್ಯೂಟರನ್ನು ಎಬ್ಬಿಸುವ ಹಳೆಯ ಬಯೋಸ್ ಒಂದು ಹಾರ್ಡ್ ಡಿಸ್ಕ್ ಎಂದೇ ನೋಡುತ್ತದೆ. ಅದು ಓದುವುದು ಮೊಟ್ಟಮೊದಲ 512 ಬೈಟುಗಳನ್ನು. ಅಲ್ಲಿ 446 ಬೈಟುಗಳ ಚಾಲನಾ ಸೂಚನೆ, 64 ಬೈಟುಗಳ ವಿಭಾಗ ಪಟ್ಟಿ, ಕೊನೆಗೆ ಎರಡು ಬೈಟುಗಳ ಗುರುತು ಇರಬೇಕು. ಸಿಡಿಯ ಪಡಿಯಚ್ಚಿನಲ್ಲಿ ಆ ಜಾಗದಲ್ಲಿ ಇದ್ದದ್ದು ಬರೀ ಸೊನ್ನೆ.

ಸಿಸ್‌ಲಿನಕ್ಸ್ ಎಂಬ ಚಾಲನಾ ತಂತ್ರಾಂಶ ಬರೆದ ಎಚ್. ಪೀಟರ್ ಆನ್ವಿನ್ 2008ರ ಸುಮಾರಿಗೆ ಐಸೊಹೈಬ್ರಿಡ್ ಎಂಬ ಪುಟ್ಟ ಉಪಕರಣ ಕೊಟ್ಟರು. ಅದು ಮಾಡುವುದು ಇಷ್ಟೇ. ಇಪ್ಪತ್ತು ವರ್ಷ ಖಾಲಿ ಬಿದ್ದಿದ್ದ ಆ ಜಾಗದಲ್ಲಿ ಹಾರ್ಡ್ ಡಿಸ್ಕಿಗೆ ಬೇಕಾದ 512 ಬೈಟುಗಳನ್ನು ಬರೆಯುವುದು. ಸಿಡಿ ಓದುವ ಯಂತ್ರ ಆ ಭಾಗವನ್ನು ದಾಟಿ ಹೋಗುತ್ತದೆ. ಪೆನ್‌ಡ್ರೈವ್ ಓದುವ ಯಂತ್ರ ಅದನ್ನೇ ಹಿಡಿಯುತ್ತದೆ. ಒಂದೇ ಕಡತ ಎರಡೂ ಕಡೆ ನಡೆಯುತ್ತದೆ. ಮುಂದೆ ಬಯೋಸ್ ಬದಲು ಬಂದ ಯುಇಎಫ್‌ಐ ಯಂತ್ರಗಳಿಗೂ ಇದೇ ಜಾಗದ ವಿಭಾಗ ಪಟ್ಟಿಯಲ್ಲಿ ದಾರಿ ತೋರಿಸಿದರು. 1985ರಲ್ಲಿ ಆ ಮೇಜಿನ ಸುತ್ತ ಕೂತವರಿಗೆ ಪೆನ್‌ಡ್ರೈವ್ ಎಂಬುದೊಂದು ಬರುತ್ತದೆಂದು ಗೊತ್ತಿರಲಿಲ್ಲ. ಕೊನೆಯ ಅಂಗುಲದವರೆಗೆ ತಾವೇ ಬಳಸಿಕೊಂಡುಬಿಟ್ಟಿದ್ದರೆ ಶಿವಪುರದ ಆ ಮಧ್ಯಾಹ್ನ ಇಷ್ಟು ಸಲೀಸಾಗುತ್ತಿರಲಿಲ್ಲ.

ಇದನ್ನು ಸಿಸ್ಟರಿಗೆ ಹೇಳಿದೆ. ಅವರು ಚಹದ ಲೋಟ ಕೆಳಗಿಟ್ಟು, ‘ಇದು ಬೋವಜನ ಹೊಲ ಅಲ್ವಾ?’ ಎಂದರು.

ಬೈಬಲಿನ ಯಾಜಕಕಾಂಡದಲ್ಲಿ ಒಂದು ಕಟ್ಟಳೆಯಿದೆ. ಪೈರು ಕೊಯ್ಯುವಾಗ ಹೊಲದ ಅಂಚಿನವರೆಗೆ ಕೊಯ್ಯಬಾರದು, ಉದುರಿದ ತೆನೆಯನ್ನು ಆಯಬಾರದು, ಅದು ಬಡವರಿಗೂ ಪರದೇಶಿಗಳಿಗೂ ಸೇರಿದ್ದು. ಮೋವಾಬಿನಿಂದ ಬಂದ ವಿಧವೆ ರೂತಳು ಅತ್ತೆ ನೊವೊಮಿಯ ಹೊಟ್ಟೆ ಹೊರೆಯಲು ಬೇತ್ಲೆಹೇಮಿನಲ್ಲಿ ಹಕ್ಕಲಾಯಲು ಹೋದದ್ದು ಈ ಕಟ್ಟಳೆಯ ಬಲದಿಂದ. ಹೊಲದ ಒಡೆಯ ಬೋವಜ ಒಂದು ಹೆಜ್ಜೆ ಮುಂದೆ ಹೋಗಿ, ಕಟ್ಟಿದ ಕಂತೆಯಿಂದಲೇ ಕೆಲವು ತೆನೆ ಎಳೆದು ಅವಳಿಗಾಗಿ ಬೀಳಿಸಿ, ಗದರಿಸಬೇಡಿ ಎಂದು ಆಳುಗಳಿಗೆ ಹೇಳಿದ. ಆ ರೂತಳ ಮರಿಮಗ ದಾವೀದ. ಆ ವಂಶದಲ್ಲೇ ಯೇಸು ಹುಟ್ಟಿದ್ದು. ‘ಅಂಚಿನಲ್ಲಿ ಬಿಟ್ಟ ಜವೆಗೋದಿಯಿಂದ ಎಂತೆಲ್ಲ ಆಯ್ತು ನೋಡಿ. ಬಿಟ್ಟವನಿಗೆ ಅದು ಗೊತ್ತಿತ್ತಾ?’ ಎಂದರು ಸಿಸ್ಟರ್.

ಹೀಗೆ ಬಿಟ್ಟವರನ್ನು ನೆನೆಯುವುದೇ ಕೃತಜ್ಞತೆ. ಅದರ ಮೇಲೆ ಈಚೆಗೆ ಪುಸ್ತಕಗಳೂ ಡೈರಿಗಳೂ ಧಾರಾಳವಾಗಿ ಬರುತ್ತಿವೆ. ಮಲಗುವ ಮುಂಚೆ ಮೂರು ಒಳ್ಳೆಯ ಸಂಗತಿ ಬರೆದುಕೊಳ್ಳಿ, ನಿದ್ದೆ ಚೆನ್ನಾಗಿ ಬರುತ್ತದೆ ಎನ್ನುತ್ತವೆ. ಬರಬಹುದು. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಅಲ್ಲಿ ಧನ್ಯವಾದ ಹೇಳುವವನಿದ್ದಾನೆ, ಪಡೆಯುವವನ ವಿಳಾಸವೇ ಇಲ್ಲ. ಕ್ರೈಸ್ತ ಗ್ರಂಥ ಕೃತಜ್ಞತೆಯ ಬಗ್ಗೆ ಮಾತಾಡುವಾಗ ಹೆಚ್ಚು ನಿಷ್ಠುರವಾಗಿದೆ. ನೀವು ಕಟ್ಟದ ಮನೆಗಳಲ್ಲಿ ವಾಸ ಮಾಡುವಿರಿ, ತೋಡದ ಬಾವಿಯ ನೀರು ಕುಡಿಯುವಿರಿ, ಹೊಟ್ಟೆ ತುಂಬಿದಾಗ ಕೊಟ್ಟವನನ್ನು ಮರೆತೀರಿ, ಜೋಕೆ ಎಂದು ಧರ್ಮೋಪದೇಶಕಾಂಡ ಎಚ್ಚರಿಸುತ್ತದೆ. ಲೂಕನ ಶುಭಸಂದೇಶದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಗುಣವಾಗುತ್ತಾರೆ, ತಿರುಗಿ ಬಂದು ವಂದಿಸಿದವನು ಒಬ್ಬ. ಅವನೂ ಯೆಹೂದ್ಯರು ಹೊರಗಿನವನೆಂದು ದೂರವಿಟ್ಟ ಸಮಾರ್ಯದವನು. ಮಿಕ್ಕ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳುತ್ತಾನೆ. ಅವರ ರೋಗವೇನೂ ಮರಳಲಿಲ್ಲ. ಪಡೆದದ್ದು ಅವರಲ್ಲೇ ಉಳಿಯಿತು. ಆದರೂ ಆ ಪ್ರಶ್ನೆ ಉಳಿದಿದೆ.

ಉಚಿತ ತಂತ್ರಾಂಶ ಬಳಸುವ ನಾವೆಲ್ಲ ಬಹುಪಾಲು ಆ ಒಂಬತ್ತು ಮಂದಿಯೇ. ಡೆಬಿಯನ್ 1993ರ ಆಗಸ್ಟ್ 16ರಂದು ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿಯಿಂದ ಶುರುವಾದದ್ದು. ಇವತ್ತಿಗೂ ಅದನ್ನು ನಡೆಸುವವರು ಸ್ವಯಂಸೇವಕರು. ಮರ್ಡಾಕ್ 2015ರಲ್ಲಿ ತೀರಿಕೊಂಡರು. ನಾವು ಮರೆತರೆ ಏನಾಗುತ್ತದೆ ಎನ್ನುವುದಕ್ಕೆ ಹತ್ತಿರದ ಉದಾಹರಣೆಯಿದೆ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಸಲಕರಣೆಯನ್ನು ಫಿನ್ಲೆಂಡಿನ ಲಾಸ್ಸೆ ಕಾಲಿನ್ ವರ್ಷಗಟ್ಟಲೆ ಸಂಬಳವಿಲ್ಲದೆ ನೋಡಿಕೊಂಡರು. 2022ರಲ್ಲಿ ಕೆಲಸ ತಡವಾಗುತ್ತಿದೆ ಎಂದು ಒತ್ತಡದ ಪತ್ರಗಳು ಬಂದವು, ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲವೆಂದು ಅವರು ಬರೆದರೂ ಬಂದವು. ಸಹಾಯಕ್ಕೆಂದು ಒಳಬಂದ ಜಿಯಾ ಟಾನ್ ಎಂಬ ಹೆಸರಿನವರು ಕದ್ದು ಒಂದು ಹಿಂಬಾಗಿಲು ಇಟ್ಟರು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಬಯಲು ಮಾಡಿದರು. ಲಾಗಿನ್ ಆಗುವುದು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಅವರು ಕೆದಕಿರದಿದ್ದರೆ ಜಗತ್ತಿನ ಅಸಂಖ್ಯ ಸರ್ವರುಗಳು ಬಾಗಿಲು ತೆರೆದುಕೊಳ್ಳುವ ಅಪಾಯವಿತ್ತು. ಒಂಟಿಯಾಗಿ ದುಡಿಯುವವನಿಗೆ ಧನ್ಯವಾದದ ಬದಲು ಬೈಗುಳ ಸಿಕ್ಕಿದ್ದು ಆ ಹಿಂಬಾಗಿಲಿಗೆ ದಾರಿ ಮಾಡಿತು ಎಂದೇ ನಾನು ತಿಳಿದಿದ್ದೇನೆ.

ಬನಾರಸಿಗೆ ಕೃತಜ್ಞತೆಯ ವಿಷಯದಲ್ಲಿ ತನ್ನದೇ ಒಂದು ಕತೆಯಿದೆ. ಕಲ್ಕತ್ತೆಯ ಭೂಕೈಲಾಸದ ಜಮೀನ್ದಾರ ಜಯನಾರಾಯಣ ಘೋಷಾಲ್ ಕಾಶಿಯಲ್ಲಿ ನೆಲೆಸಿದ್ದಾಗ ಕಾಯಿಲೆ ಬಿದ್ದರು. ವೀಟ್ಲಿ ಎಂಬ ಇಂಗ್ಲಿಷ್ ವ್ಯಾಪಾರಿ ಸರಳ ಔಷಧ ಹೇಳಿಕೊಟ್ಟು, ಹೊಸ ಒಡಂಬಡಿಕೆಯ ಒಂದು ಪ್ರತಿ ಕೊಟ್ಟ. ಗುಣವಾದ ಘೋಷಾಲರು ದೇವರ ಹೆಸರಿನಲ್ಲಿ ಏನು ಮಾಡಲಿ ಎಂದು ಅವನನ್ನೇ ಕೇಳಿದರು. ಊರಿನ ಮಕ್ಕಳಿಗೆ ಶಾಲೆ ತೆರೆಯಿರಿ ಎಂಬ ಸಲಹೆ ಬಂತು. ವ್ಯಾಪಾರ ಕೈಕೊಟ್ಟಾಗ ಅದೇ ವೀಟ್ಲಿಯನ್ನು ಮಾಸ್ತರಾಗಿ ಇಟ್ಟುಕೊಂಡರಂತೆ. 1818ರಲ್ಲಿ, ಪಾದ್ರಿ ಡೇನಿಯಲ್ ಕೊರಿ ಬನಾರಸಿನಲ್ಲಿದ್ದಾಗ, ಆ ಶಾಲೆಯನ್ನು ಚರ್ಚ್ ಮಿಷನರಿ ಸೊಸೈಟಿಯ ಕೈಗೆ ಒಪ್ಪಿಸಿದರು. ಇಂಗ್ಲಿಷ್, ಪಾರಸಿ, ಹಿಂದುಸ್ತಾನಿ, ಬಂಗಾಳಿ ಕಲಿಸುತ್ತಿದ್ದ ಆ ಶಾಲೆ ಜಯನಾರಾಯಣ ಇಂಟರ್ ಕಾಲೇಜಾಗಿ ಇಂದಿಗೂ ನಡೆಯುತ್ತಿದೆ. ಘೋಷಾಲರು ಕ್ರೈಸ್ತರಾಗಲಿಲ್ಲ. ಕಾಶಿಯ ಬಗ್ಗೆ ಭಕ್ತಿಯಿಂದ ಬಂಗಾಳಿ ಕಾವ್ಯ ಬರೆದ ಹಿಂದೂವಾಗಿಯೇ ತೀರಿಕೊಂಡರು. ಸಿಸ್ಟರಿಗೆ ಈ ಕತೆ ಗೊತ್ತಿತ್ತು. ‘ಲೂಕನಲ್ಲೂ ಬಂದವನು ಹೊರಗಿನವನೇ’ ಎಂದಷ್ಟೇ ಹೇಳಿದರು.

ಅಷ್ಟರಲ್ಲಿ ರೂಫಸಿನ ಹಸಿರು ಪಟ್ಟಿ ತುಂಬಿತು. ಹುಡುಗಿ ಪೆನ್‌ಡ್ರೈವನ್ನು ಮೊದಲ ಯಂತ್ರಕ್ಕೆ ಸಿಕ್ಕಿಸಿ, ಗುಂಡಿ ಒತ್ತಿ, ಎಫ್12 ಬಡಿಯತೊಡಗಿದಳು. ಎಚ್‌ಪಿ ಆದರೆ ಎಫ್9, ಡೆಲ್ ಮತ್ತು ಲೆನೊವೊ ಆದರೆ ಎಫ್12 ಎಂದು ಗೋಡೆಯ ಮೇಲೆ ಚೀಟಿ ಅಂಟಿಸಿದ್ದಳು. ಸೆಕ್ಯೂರ್ ಬೂಟ್ ತೆಗೆಯಬೇಕಾಗಲಿಲ್ಲ. ಆ ಕಾವಲನ್ನು ದಾಟಲು ಮೈಕ್ರೊಸಾಫ್ಟಿನ ಸಹಿ ಇರುವ ಶಿಮ್ ಎಂಬ ಪುಟ್ಟ ತಂತ್ರಾಂಶ ಡೆಬಿಯನ್ನಿನಲ್ಲೇ ಇದೆ, ಮೊದಲು ಬರೆದವರು ಮ್ಯಾಥ್ಯೂ ಗ್ಯಾರೆಟ್. ಹಾರ್ಡ್ ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ಡೆಬಿಯನ್ ಎದ್ದಿತು. ಧ್ವನಿ, ವೈಫೈ, ಕೀಲಿಮಣೆ ಎಲ್ಲ ಪರೀಕ್ಷಿಸಿ ಆಮೇಲೆ ಅನುಸ್ಥಾಪಿಸುವುದು ಅವಳ ಪದ್ಧತಿ. ಎಲ್ಲರೂ ಹಾಗೇ ಮಾಡಬೇಕು.

ಹಿಂದಿ ಯಂತ್ರಗಳ ನಡುವೆ ಒಂದರಲ್ಲಿ ಸಿಸ್ಟರಿಗಾಗಿ ಕನ್ನಡ ಹಾಕಿಕೊಟ್ಟಳು. ಗುಬ್ಬಿ, ನವಿಲು ಎಂಬ ಅಕ್ಷರಶೈಲಿಗಳು ಬಂದವು. ಅರವಿಂದ ವಿ.ಕೆ. ಅವರು ರಚಿಸಿ ಎಲ್ಲರಿಗೂ ಬಿಟ್ಟುಕೊಟ್ಟವು ಅವು. ಸಿಸ್ಟರ್ ತಮ್ಮ ಊರಿನ ಹೆಸರು ಟೈಪ್ ಮಾಡಿ, ಒತ್ತಕ್ಷರ ಸರಿಯಾಗಿ ಕೂತದ್ದು ನೋಡಿ, ‘ಇವರಿಗೆ ಒಂದು ಮಾತು ಹೇಳ್ಲಿಕ್ಕೆ ಆಗ್ತದಾ?’ ಎಂದು ಕೇಳಿದರು.

ಆಗುತ್ತದೆ. ಡೆಬಿಯನ್ನಿನಲ್ಲಿ ತಪ್ಪು ವರದಿ ಮಾಡಲು ರಿಪೋರ್ಟ್‌ಬಗ್ ಎಂಬ ಸಲಕರಣೆಯಿದೆ. ಅದಕ್ಕೆ ಕುಡೋಸ್ ಎಂಬ ಆಯ್ಕೆಯೊಂದು ಉಂಟು. ಅದನ್ನು ಬಳಸಿದರೆ ದೂರಿನ ಬದಲು ಮೆಚ್ಚುಗೆಯ ಪತ್ರ ಆ ಪ್ಯಾಕೇಜು ನೋಡಿಕೊಳ್ಳುವವರಿಗೆ ಹೋಗುತ್ತದೆ. ಹುಡುಗಿಗೂ ಇದು ಹೊಸದು. ಸಿಸ್ಟರ್ ಎರಡು ಸಾಲು ಕನ್ನಡದಲ್ಲಿ ಬರೆದರು, ಕೆಳಗೆ ಅವಳು ಅದನ್ನೇ ಇಂಗ್ಲಿಷಿನಲ್ಲಿ ಬರೆದು ಕಳಿಸಿದಳು. ಕೋಣೆಯ ಹಳೆಯ ಪ್ರಿಂಟರ್ ಮಾತ್ರ ಹೊಸ ವ್ಯವಸ್ಥೆಗೆ ಜಗ್ಗಲಿಲ್ಲ. ಧನ್ಯವಾದ ಹೋದ ಮೇಲೆ ಹುಡುಗಿ ಅದೇ ರಿಪೋರ್ಟ್‌ಬಗ್ ಮತ್ತೆ ತೆರೆದು, ಮಾದರಿ ಸಂಖ್ಯೆ, ದೋಷದ ಸಂದೇಶ ಎಲ್ಲ ಬರೆದು ಪ್ರಿಂಟರಿನ ದೂರು ದಾಖಲಿಸಲು ಕೂತಳು.